ಹಾಡಿನ ಚಕ್ಕುಬಂದಿ

ಹಾಡು ಕಿವಿಗೆ ಸೇರಿದ್ದು, ಕಾಗದ ಕಪಾಟಿಗೆ ಸೇರಿದ್ದು. ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರೆ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ. ರಾಯಚೂರಿನ ಒಂದು ಸಣ್ಣ ಸಮುದಾಯ ರೇಡಿಯೋ ಕೇಂದ್ರದಲ್ಲಿ ನನಗಿರುವುದು ಆ ಬಾಗಿಲು ಕಾಯುವ ಕೆಲಸ. ಒಂದು ಹಾಡು, ಒಂದು ಕತೆ, ಕೊನೆಗೆ ಒಂದು ಕೊಳಲಿನ ತುಣುಕು ಪ್ರಸಾರವಾಗಬೇಕಾದರೂ ಅದು ಯಾರದು, ಅವರು ಒಪ್ಪಿದ್ದಾರೆಯೇ ಎಂದು ವಿಚಾರಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ ಕಡತಕ್ಕೆ ಹಾಕಬೇಕು.

ಇಲ್ಲಿ ಹೇಳುವವುಗಳಲ್ಲಿ ಮೊದಲ ಎರಡು ಬಿಡಿ ಪ್ರಸಂಗಗಳು. ಉಳಿದವೆಲ್ಲ ಒಂದೇ ಕಡತದವು. ಅರಕೇರಾದ ಒಬ್ಬ ಮುದುಕರ ಮೂವತ್ತೊಂದು ಹಾಡುಗಳ ಕಡತ ಅದು. ಅದಕ್ಕೆ ಸಹಿ ಬೀಳದಿದ್ದರೆ ಒಬ್ಬ ಮಗಳು ತೀರಿಹೋದ ಅಪ್ಪನ ದನಿಯನ್ನು ಮತ್ತೆ ಕೇಳುವಂತಿರಲಿಲ್ಲ. ಅದು ಗೊತ್ತಿದ್ದೂ ನಾವು ಹಲವು ಸಲ ನಕ್ಕಿದ್ದೇವೆ.

೧. ಯಾವ ಮಠದವರು?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಪುಸ್ತಕದ ಕನ್ನಡದ ಮೇಲೆ ನಂಬಿಕೆ ಹೆಚ್ಚು. 'ಕಾಪಿರೈಟ್' ಅನ್ನುವಲ್ಲಿ 'ಕೃತಿಸ್ವಾಮ್ಯ' ಎನ್ನುತ್ತಿದ್ದೆ. ಮಾನ್ವಿ ತಾಲ್ಲೂಕಿನ ಮಲ್ಲಟದಿಂದ ಒಂದು ಭಜನಾ ಮೇಳ ಧ್ವನಿಮುದ್ರಣಕ್ಕೆ ಬರುವುದಿತ್ತು. ಹಾಡುಗಳು ಹಳೆಯವಲ್ಲ, ಯಾರೋ ಈಚಿನವರು ಬರೆದವು ಎಂದು ಗೊತ್ತಾಗಿ ಮೇಳದ ಹಿರಿಯರಿಗೆ ಫೋನಿನಲ್ಲಿ ಹೇಳಿದೆ.

"ಕೃತಿಸ್ವಾಮ್ಯದ ಒಪ್ಪಿಗೆ ತರಬೇಕು. ಸಹಿ ಇರಬೇಕು."

"ತರ್ತೀವ್ರಿ" ಅಂದರು.

ಎರಡು ವಾರ ಸುದ್ದಿಯಿಲ್ಲ. ನಾನೇ ಮತ್ತೆ ಫೋನು ಮಾಡಿದೆ.

"ಹುಡುಕಾಕತ್ತೀವ್ರೀ ಸರ್. ನಮ್ಮ ಕಡಿ ಇರೋ ಮಠ ಎಲ್ಲಾ ಕೇಳಿ ಬಂದ್ವಿ. ಕೃತಿಸ್ವಾಮಿ ಅಂಬೋರು ಯಾವ ಮಠದಾಗೂ ಇಲ್ಲಂತ. ಆಂಧ್ರದ ಕಡಿಯವರೇನ್ರಿ?"

ನಾನು ಪುಸ್ತಕ ಬದಿಗಿಟ್ಟು, ಹಾಡು ಬರೆದವರು ಯಾರೋ ಅವರ ಸಹಿ ಸಾಕು ಎಂದೆ.

"ಬರದಾಂವ ನಮ್ಮ ತಬಲಾದಾಂವರೀ! ಇಲ್ಲೇ ಮಗ್ಗಲದಾಗ ಕುಂತಾನ. ಮೊದಲ ಹೇಳಬಾರದೇನ್ರೀ, ಹದಿನೈದು ದಿನ ಅಂವನ ಮೋಟರ್ ಸೈಕಲ್ ಮ್ಯಾಲೇ ತಿರುಗೀವಿ!"

ಅಂದಿನಿಂದ ನಾನೂ ಕಾಪಿರೈಟ್ ಎಂದೇ ಅನ್ನುತ್ತೇನೆ.

೨. ಹುಳದ ಒಪ್ಪಿಗೆ

ಮಾನ್ವಿ ಹತ್ತಿರ ಒಬ್ಬ ರೈತರ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಜಿಗಿಹುಳದ ಬಗ್ಗೆ ಮಾತಾಡಿಸುತ್ತಿದ್ದೆ. ಅವರು ಚೆನ್ನಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ದೂರದ ಮದುವೆ ಮನೆಯ ಧ್ವನಿವರ್ಧಕದಿಂದ ಸಿನಿಮಾ ಹಾಡು ಬಂತು. ಸಿನಿಮಾ ಹಾಡಿಗೆ ನಮ್ಮಲ್ಲಿ ಪರವಾನಗಿ ಇಲ್ಲ. ಸಂದರ್ಶನದ ಹಿಂದೆ ಸಣ್ಣಗೆ ಕೇಳಿಸಿದರೂ ನಮ್ಮ ಮುಖ್ಯಸ್ಥರು ಬಿಡುವುದಿಲ್ಲ. ಮಾತು ನಿಲ್ಲಿಸಿದೆವು. ಹಾಡು ಮುಗಿದ ಮೇಲೆ ಮೊದಲಿನಿಂದ ಶುರು ಮಾಡಿದೆವು. ಇನ್ನೊಂದು ಹಾಡು ಬಂತು. ಮೂರನೆಯ ಸಲ ಔಷಧದ ಹೆಸರಿಗೆ ಬರುವಷ್ಟರಲ್ಲಿ ಮತ್ತೊಂದು.

"ಹಾಡಿನವರ ಒಪ್ಪಿಗೆ ಇಲ್ಲದೆ ಪ್ರಸಾರ ಮಾಡುವಂತಿಲ್ಲ" ಎಂದು ವಿವರಿಸಿದೆ.

ಅವರು ಪೈರನ್ನು ಬಗ್ಗಿಸಿ ಬುಡದಲ್ಲಿ ಮುತ್ತಿದ್ದ ಹುಳ ತೋರಿಸಿದರು. "ನೀವು ಅವರ ಒಪ್ಪಿಗಿ ತರೋದ್ರಾಗ ಇವು ನನ್ನ ಒಪ್ಪಿಗಿ ಇಲ್ದೇ ಬೆಳಿ ಮುಗಸ್ತಾವರೀ."

೩. ಬಾಯಿಗೆ ಕೈ ಇಲ್ಲ

ಅರಕೇರಾದ ಆ ಮುದುಕರು ಗೌಂಡಿ. ಊರೂರಲ್ಲಿ ಗೋಡೆ ಕಟ್ಟಿದವರು, ಕಟ್ಟುತ್ತ ಹಾಡನ್ನೂ ಕಟ್ಟಿದವರು. ಮನೆ, ಗೋಡೆ, ಬಾವಿ, ಗಿಳಿ, ಇವೇ ಅವರ ಹಾಡಿನ ಸಾಮಾನು. ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರಿಲ್ಲ, ಗುರುವಿನ ಹೆಸರಿನ ಅಂಕಿತ. ಮೂರು ದಿನ ಬಸ್ಸಿನಲ್ಲಿ ಬಂದು ಹೋಗಿ ಮೂವತ್ತೊಂದು ಹಾಡು ಹಾಡಿದರು. ಕೊನೆಯ ದಿನ ನಾನು ಒಪ್ಪಿಗೆ ಪತ್ರ ಮುಂದಿಟ್ಟೆ.

"ರಚನೆ ಯಾರದು ಅಂತ ಬರೆಯಲಿ?"

"ಗುರುವಿಂದು."

"ಗುರುಗಳು ಬರೆದದ್ದೇ?"

"ಅಂವ ಹೋಗಿ ನಲವತ್ತು ವರ್ಷ ಆತು. ಹ್ಯಾಂಗ ಬರೀತಾನ? ಬರಸ್ತಾನ."

"ಹಾಡಿದವರಾದರೂ ನೀವಲ್ಲವೇ?"

"ಅದೂ ಅಂವನ. ಬಾಯಿ ಅಷ್ಟ ನಂದು."

"ಸರಿ. ಬಾಯಿಯವರು ಇಲ್ಲೊಂದು ಸಹಿ ಹಾಕಿ."

ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಡಿನ ಕೊನಿಗೆ ಅಂಕಿತ ಹಾಕೀನಲ್ಲರೀ. ಮೂವತ್ತೊಂದು ಸಲ ಹಾಕೀನಿ. ಇನ್ನೊಂದು ಯಾಕ?"

"ಅದು ಹಾಡಿನ ಅಂಕಿತ. ಇದು ಕೈಯಿಂದ ಹಾಕುವ ಅಂಕಿತ."

"ಈಗಷ್ಟ ಬಾಯಿ ಅಂದ್ರಿ, ಈಗ ಕೈ ಅಂತೀರಿ. ಬಾಯಿಗೆ ಎಲ್ಲಿ ಕೈ ಅದಾವ, ಯಪ್ಪಾ?"

ನಾವೆಲ್ಲ ನಕ್ಕೆವು. ಅವರು ಚಹಾ ಕುಡಿದು, ಖಾಲಿ ಪತ್ರವನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟು ಬಸ್ಸಿಗೆ ಹೋದರು.

೪. ಆರೂ ನಲವತ್ತು

ಅವರ ಒಪ್ಪಿಗೆಯ ಮಾತು ಧ್ವನಿಮುದ್ರಣದಲ್ಲಿತ್ತು. "ಬದುಕಿದ್ದಾರಲ್ಲ, ನಾಳೆ ಸಹಿ ಹಾಕುತ್ತಾರೆ" ಎಂದು ಮುಖ್ಯಸ್ಥರು ಅದೊಂದು ಸಲ ಬಿಟ್ಟುಕೊಟ್ಟರು. ದಿನಾ ಬೆಳಿಗ್ಗೆ ಆರೂ ನಲವತ್ತಕ್ಕೆ ಒಂದು ಹಾಡು ಹೋಗುತ್ತಿತ್ತು. ಮುದುಕರು ತೀರಿಕೊಂಡ ಸುದ್ದಿ ಬಂದ ದಿನ ಮುಖ್ಯಸ್ಥರು ನನ್ನನ್ನು ಕರೆದರು.

"ಬದುಕಿದ್ದಾಗ ಬಾಯಿಮಾತು ನಡೆಯಿತು. ಈಗ ಹಕ್ಕು ವಾರಸುದಾರರದು. ಅವರೆಲ್ಲರ ಸಹಿ ಬರುವ ತನಕ ಒಂದು ಹಾಡೂ ಹೋಗಬಾರದು."

ಕಾನೂನಿನ ಮಾತು. ತಪ್ಪಿರಲಿಲ್ಲ. ಸಹಿಯ ಮಾತನ್ನು ನಗೆಯಲ್ಲಿ ತೇಲಿಸಿದ ತಪ್ಪು ನನ್ನದು. ಹಾಡು ನಿಲ್ಲಿಸಿದೆವು. ಆ ಹೊತ್ತಿಗೆ ಕೃಷಿ ಮಾಹಿತಿ ಹಾಕಿದೆವು.

ಕೆಲವು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಕೇಂದ್ರಕ್ಕೆ ಬಂದರು. ಮುದುಕರ ಮಗಳು. ಮಲ್ಲಟಕ್ಕೆ ಮದುವೆಯಾಗಿ ಹೋದವರು, ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆರೂ ನಲವತ್ತಕ್ಕ ರೇಡಿಯೋ ಹಚ್ಚಿ ಒಲಿ ಹೂಡ್ತಿದ್ದೆರೀ. ಅಪ್ಪ ಹಾಡ್ತಿದ್ದ. ಈಗ ಹಚ್ಚಿದ್ರ ಅಪ್ಪನ ಜಾಗದಾಗ ಯಾರೋ ಎರೆಹುಳದ ಗೊಬ್ಬರ ಮಾಡೋದು ಹೇಳಾಕತ್ತಾರ. ಇವತ್ತು ಬಂದಾನು, ನಾಳಿ ಬಂದಾನು ಅಂತ ದಿನಾ ಕೇಳೀನಿ. ಗೊಬ್ಬರ ಮಾಡಾಕ ಬಂತು. ಅಪ್ಪ ಬರಲಿಲ್ಲ."

ನಗಬೇಕೋ ಬೇಡವೋ ತಿಳಿಯದೆ ನಾನು ಕಡತ ತೆಗೆದೆ. ತಾಯಿ ಮೊದಲೇ ಹೋಗಿದ್ದರು. ವಾರಸುದಾರರು ನಾಲ್ವರು: ಈಕೆ, ಈಕೆಗೊಬ್ಬ ಅಣ್ಣ, ಇಬ್ಬರು ತಮ್ಮಂದಿರು. ಆಕೆ ಕೇಳಿದ್ದು ಒಂದೇ. ಅಪ್ಪ ಹೋಗಿ ವರ್ಷ ತುಂಬುವ ದಿನ ಬೆಳಿಗ್ಗೆ ಅವನ ಹಾಡು ಬರಬೇಕು. ಅದಕ್ಕೆ ಎರಡು ತಿಂಗಳಿತ್ತು.

"ನಾಕು ಸಹಿ ಅಲ್ಲೇನ್ರಿ? ಆಗ್ತದ ಬಿಡ್ರಿ" ಎಂದು ಹೋದರು. ನಾನೂ ಹಾಗೇ ತಿಳಿದೆ.

೫. ವಾಪಸ್ ಬಾರದ ಮಾಲು

ಮೊದಲು ನಡುವಿನ ಮಗನ ಹತ್ತಿರ ಹೋದೆ, ಸಮೀಪವೆಂದು. ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಗಾರ. ಪಾಳಿ ಮುಗಿಸಿ ಗೇಟಿನ ಹೊರಗೆ ಚಹಾದಂಗಡಿಗೆ ಬಂದ. ಪತ್ರ ಓದಿದ ಕೂಡಲೇ ಅವನಿಗೆ ಅರ್ಥವಾಯಿತು. ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ.

"ಗೇಟ್ ಪಾಸ್ ಅನ್ರಿ."

"ಏನು?"

"ಒಳಗಿನ ಸಾಮಾನು ಹೊರಗ ಹೋಗಬೇಕಂದ್ರ ನಮ್ಮಲ್ಲಿ ಗೇಟ್ ಪಾಸ್ ಬೇಕು. ಒಂದು ಬೋಲ್ಟ್ ಆದ್ರೂನು. ಹಂಗ ಅಪ್ಪನ ಹಾಡು ಮನಿಯಿಂದ ಹೊರಗ ಹೋಗಾಕ ಇದು."

"ಸರಿಯಾಗಿ ಹೇಳಿದಿರಿ. ಹಾಗಾದರೆ ಸಹಿ..."

"ತಡೀರಿ. ಗೇಟ್ ಪಾಸ್‌ನಾಗ ಎರಡು ನಮೂನಿ ಇರ್ತಾವ. ಈ ಹಾಡು ವಾಪಸ್ ಬರೋ ಮಾಲೋ, ಬಾರದ ಮಾಲೋ?"

ನಾನು ಯೋಚಿಸಿದೆ. ಪ್ರಸಾರವಾದ ಹಾಡು ಗಾಳಿಯಲ್ಲಿ ಹೋಗುತ್ತದೆ. ಹಿಂದಕ್ಕೆ ಬರುವುದಿಲ್ಲ.

"ಬಾರದ್ದು" ಎಂದೆ.

ಅವನು ಪತ್ರವನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. "ವಾಪಸ್ ಬಾರದ ಮಾಲಿಗೆ ಮ್ಯಾಲಿನ ಸಾಹೇಬರ ಸಹಿ ಮೊದಲ ಬೀಳಬೇಕ್ರಿ. ಅಣ್ಣನ ಕಡಿ ಹೋಗ್ರಿ."

೬. ಒಂದು ಮಾತು ಹೆಚ್ಚಾಯಿತು

ಅಣ್ಣ ಅರಕೇರಾದಲ್ಲೇ ಇರುವವರು. ಅಪ್ಪನ ಹೊಲ ಮಾಡಿಕೊಂಡಿದ್ದಾರೆ. ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು, "ಓದ್ರಿ" ಅಂದರು. ಓದಿದೆ. "ಇನ್ನೊಮ್ಮೆ ಓದ್ರಿ" ಅಂದರು. ಓದಿದೆ. ನಂತರ ಪತ್ರವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಅವರಿಂದಲೂ ಓದಿಸಿದರು. ಇಬ್ಬರೂ ಒಂದೇ ಓದಿದೆವೆಂದು ಖಾತ್ರಿಯಾದ ಮೇಲೆ ಪ್ರಶ್ನೆ ಶುರುವಾಯಿತು.

"ಹೊಲದ ಸರ್ವೆ ನಂಬರ್ ಇದರಾಗ ಎಲ್ಲೂ ಇಲ್ಲ?"

"ಇಲ್ಲ."

"ಮನಿ ನಂಬರ್?"

"ಅದೂ ಇಲ್ಲ."

"ತಂಗಿ ಕಳಿಸ್ಯಾಳೇನು?"

"ಹಾಡು ಬರಲಿ ಅಂತ ಕೇಳಿದ್ದು ಅವರೇ. ಹೊಲಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಂಗಾದ್ರ ಇದು ಯಾವುದರ ಕಾಗದರೀ?"

ಅವರು ಪೆನ್ನಿನ ಮುಚ್ಚಳ ತೆಗೆದಿದ್ದರು. ಸುಮ್ಮನಿದ್ದಿದ್ದರೆ ಸಹಿ ಬೀಳುತ್ತಿತ್ತು. ಆದರೆ ಕೇಳಿದವರಿಗೆ ಪೂರ್ತಿ ಹೇಳುವುದು ನನ್ನ ಚಟ.

"ಹಾಡು ಕೂಡ ಒಂದು ಆಸ್ತಿ. ಕಟ್ಟಿದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಅದರ ಹಕ್ಕು ವಾರಸುದಾರರಿಗೆ ಇರುತ್ತದೆ."

ಅವರು ಮುಚ್ಚಳ ಹಾಕಿದರು.

"ಆಸ್ತಿ ಅಂದ್ರಿ?"

"ಹೂಂ... ಒಂದು ಬಗೆಯ..."

"ಹಂಗಾದ್ರ ಸಹಿ ಆಮ್ಯಾಲೆ. ಮೊದಲ ವಾಟ್ನಿ ಆಗಬೇಕು. ಪಾಲು ಆಗದ ಆಸ್ತಿಗೆ ಸಹಿ ಹಾಕಿ ಕೆಟ್ಟೋರನ್ನ ಭಾಳ ನೋಡೀನಿ." ಪೆನ್ನು ಜೇಬಿಗೆ ಸೇರಿತು. ಅಂಗಳ ನೋಡುತ್ತ ಮತ್ತೆ ಹೇಳಿದರು: "ಅಪ್ಪ ಇಷ್ಟು ಆಸ್ತಿ ಮಾಡ್ಯಾನ ಅಂತ ಒಂದು ಮಾತು ಹೇಳಲಿಲ್ಲ ನೋಡ್ರಿ. ಮುಂಜಾನಿ ಎದ್ದು ಯಾಕ ಒದರ್ತಿ ಅಂತ ನಾನ ಬೈತಿದ್ದೆ."

೭. ಸರ್ಕಾರಿ ದಾರಿ

ಕಿರಿಯ ಮಗನದು ದೇವದುರ್ಗದಲ್ಲಿ ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಒಬ್ಬ ಹಿರಿಯ ಬಾಂಡ್ ರೈಟರ್ ಮೇಜು ಹಾಕಿಕೊಂಡು ಕೂರುತ್ತಾರೆ. ಹೊಲ ಮನೆಗಳ ಖರೀದಿ ಪತ್ರ, ವಾಟ್ನಿ ಪತ್ರ ಬರೆದು ಬರೆದು ಅವರ ಮಾತೂ ಪತ್ರದ ಹಾಗೆ ಆಗಿಬಿಟ್ಟಿದೆ. "ಸದರಿ ಚಹಾ ತಣ್ಣಗಾಗ್ಯದ" ಅನ್ನುತ್ತಾರೆ.

ಮೂವರು ಗಂಡುಮಕ್ಕಳು ಅಲ್ಲಿ ಸೇರಿ ವಾಟ್ನಿ ಮುಗಿಸಿಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಪತ್ರ ಸಿದ್ಧವಾಗಿತ್ತು. ಧ್ವನಿಮುದ್ರಣವಾದ ಕ್ರಮದಲ್ಲೇ ಮೊದಲ ಹತ್ತು ಹಾಡು ಅಣ್ಣನಿಗೆ, ನಂತರದ ಹತ್ತು ನಡುವಿನವನಿಗೆ, ಮತ್ತೆ ಹತ್ತು ಕಿರಿಯವನಿಗೆ. ಒಂದು ಉಳಿಯಿತು, ಮಂಗಳಾರತಿ. ಅದರ ಎದುರು ಬರೆದಿತ್ತು: 'ಸದರಿ ಮಂಗಳಾರತಿಯನ್ನು ಮೃತರ ಮಗಳಿಗೆ ಅರಿಷಿಣ ಕುಂಕುಮದ ಬಾಬ್ತು ಕೊಡಲಾಗಿದೆ.'

ಕೆಳಗೆ ಪ್ರತಿ ಪಾಲಿಗೂ ಚಕ್ಕುಬಂದಿ ಇತ್ತು, ಹೊಲದ ಪತ್ರದಲ್ಲಿ ನಾಲ್ಕೂ ದಿಕ್ಕಿನ ಗಡಿ ಬರೆಯುತ್ತಾರಲ್ಲ, ಹಾಗೆ. ಅಣ್ಣನ ಪಾಲಿನದು ನನಗೆ ಬಾಯಿಪಾಠವಾಗಿದೆ. 'ಪೂರ್ವಕ್ಕೆ ಗಣಪತಿ ಸ್ತುತಿ. ಪಶ್ಚಿಮಕ್ಕೆ ನಡುವಿನವನ ಗಿಳಿಯ ಹಾಡು. ಉತ್ತರಕ್ಕೆ ರೇಡಿಯೋ ಕೇಂದ್ರ. ದಕ್ಷಿಣಕ್ಕೆ ಸರ್ಕಾರಿ ದಾರಿ.'

"ಇದೇನು ಯಜಮಾನರೇ, ಹಾಡಿಗೆ ಚಕ್ಕುಬಂದಿ?" ಎಂದೆ.

ಬಾಂಡ್ ರೈಟರ್ ಕನ್ನಡಕದ ಮೇಲಿಂದ ನೋಡಿದರು. "ಚಕ್ಕುಬಂದಿ ಇಲ್ಲದ ಆಸ್ತಿ ನನ್ನ ಸರ್ವೀಸಿನಾಗ ನೋಡಿಲ್ಲರೀ. ನಾಳಿ ತಂಟೆ ಬಂದ್ರ ಯಾರ ಹಾಡು ಎಲ್ಲಿಗೆ ಮುಗೀತದ ಅಂತ ಹ್ಯಾಂಗ ಹೇಳ್ತೀರಿ?"

"ಅದಿರಲಿ. ದಕ್ಷಿಣಕ್ಕೆ ಸರ್ಕಾರಿ ದಾರಿ ಎಲ್ಲಿಂದ ಬಂತು?"

ಅವರಿಗೆ ನನ್ನ ಬಗ್ಗೆ ಕನಿಕರವಾದಂತಿತ್ತು.

"ದಾರಿ ಬಿಡದಿದ್ರ ಹಾಡಿಗೆ ಹೋಗಿ ಬರೋದು ಹ್ಯಾಂಗರೀ?"

ಮೂವರೂ ಗಂಭೀರವಾಗಿ ತಲೆಯಾಡಿಸಿದರು. ಕಿರಿಯವನು ಪತ್ರ ಕೈಗೆತ್ತಿಕೊಂಡ. "ಅಕ್ಕನ ಸಹಿ ಒಂದು ಆಗಲಿ, ಕಾಪಿ ಎಷ್ಟು ಬೇಕೋ ಅಷ್ಟು ನಾ ಹೊಡೀತೀನಿ. ಕಾಪಿರೈಟ್ ಅಂದ ಮ್ಯಾಲೆ ಕಾಪಿ ಕಡಿಮಿ ಬೀಳಬಾರದು."

೮. ಅಣ್ಣನ ಕೆಮ್ಮು

ವಾಟ್ನಿ ಪತ್ರವನ್ನು ಮಲ್ಲಟಕ್ಕೆ ಒಯ್ದವನು ನಾನೇ. ವರ್ಷ ತುಂಬುವ ದಿನಕ್ಕೆ ಹತ್ತು ದಿನವಿತ್ತು. ಶಾಲೆಯ ಅಡುಗೆ ಕೋಣೆಯಲ್ಲಿ ಆಕೆ ಅನ್ನ ಬಸಿಯುತ್ತಿದ್ದರು. ಕೈ ಒರೆಸಿಕೊಂಡು ಪತ್ರವನ್ನು ಹೊಸ್ತಿಲ ಬೆಳಕಿನಲ್ಲಿ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದರು. ನಾನು ನಿಂತೇ ಇದ್ದೆ.

"ನನಗ ಮಂಗಳಾರತಿ ಬಂದದ" ಅಂದರು.

"ನೀವು ಇದನ್ನು ಒಪ್ಪಬೇಕಂತಿಲ್ಲ. ಕಾನೂನಿನಲ್ಲಿ ನಿಮ್ಮದೂ ಅವರಷ್ಟೇ ಪಾಲು."

"ಹೊಲ ವಾಟ್ನಿ ಆದಾಗಲೂ ಹಕ್ಕು ಬಿಟ್ಟ ಕಾಗದಕ್ಕ ಸಹಿ ಹಾಕಿಸ್ಕೊಂಡ್ರು. ಓದಾಕ ಕೊಡಲಿಲ್ಲ. ನಾನೂ ಕೇಳಲಿಲ್ಲ. ಅಣ್ಣ ತಮ್ಮಂದಿರು, ತವರು ಇರಬೇಕಲ್ಲ ಅಂತ ಹಾಕಿದೆ." ಪತ್ರವನ್ನು ಮಡಚಿದರು. "ಹೊಲ ಊರಾಗಿತ್ತು, ಬಿಟ್ಟು ಬಂದೆ. ಹಾಡು ಬಾಯಾಗ ಅದ. ಹ್ಯಾಂಗ ಬಿಟ್ಟು ಕೊಡ್ಲಿ ಹೇಳ್ರಿ?"

ಸಹಿ ಹಾಕದಿದ್ದರೆ ಅಪ್ಪನ ಹಾಡು ಬರುವುದಿಲ್ಲ, ಹಾಕಿದರೆ ಅದು ಅವರದಲ್ಲ. ಇದನ್ನು ಆಕೆಗೆ ಹೇಳಬೇಕಾಗಿರಲಿಲ್ಲ.

"ಒಂದು ಮಾಡ್ರಿ" ಅಂದರು ಕೊನೆಗೆ. "ಮೂವರೂ ನಿಮ್ಮ ರೇಡಿಯೋಕ್ಕ ಬರ್ಲಿ. ತಮ್ಮ ತಮ್ಮ ಪಾಲಿಂದು ಒಂದೊಂದು ಹಾಡು ನನ್ನ ಮುಂದ ಹಾಡಿ ತೋರಿಸ್ಲಿ. ಎಲ್ಲಿ ಅಂತಾರ ಅಲ್ಲಿ ಸಹಿ ಹಾಕ್ತೀನಿ."

ಮುಂದಿನ ವಾರ ಏನಾಯಿತೆಂದು ಆಕೆಯೇ ಆಮೇಲೆ ಹೇಳಿದ್ದು. ಮೊದಲು ಕಿರಿಯವನ ಫೋನು: "ಅಕ್ಕಾ, ನನ್ನ ಬಾವಿ ಹಾಡು ಹ್ಯಾಂಗ ಶುರು ಆಗ್ತದಬೇ?" ಹೇಳಿಕೊಟ್ಟರು. ಸಂಜೆಗೆ ನಡುವಿನವನು: "ಅಕ್ಕಾ, ಗಿಳಿ ಹಾಡಿನಾಗ ಪಂಜರ ಮೊದಲ ಬರ್ತದೋ, ಬೆಕ್ಕು ಮೊದಲ ಬರ್ತದೋ?" ಪಂಜರ ಎಂದರು. ಅಣ್ಣ ಮಾತ್ರ ಮಾಡಲಿಲ್ಲ. ನಾಲ್ಕನೆಯ ದಿನ ಅತ್ತಿಗೆಯ ಫೋನು ಬಂತು.

"ಏನಿಲ್ಲವಾ, ಗ್ವಾಡಿ ಹಾಡು ನನಗ ಭಾಳ ಇಷ್ಟ. ಸುಮ್ನ ಹಿಂಗ ಕೇಳೂಣಂತ. ಒಂದು ನುಡಿ ಹೇಳು."

"ಅಣ್ಣ ಎಲ್ಲದಾನ ಅತ್ತಿಗಿ?"

"ಹೊಲಕ್ಕ ಹೋಗ್ಯಾರ."

ಅತ್ತಿಗೆಯ ಹಿಂದೆ, ಬಹಳ ಹತ್ತಿರದಿಂದ, ಹೊಲ ಕೆಮ್ಮಿತು.

೯. ಗಡಿ

ಪ್ರಸಾರವಾಗಬೇಕಾದ ದಿನದ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ರಾಯಚೂರಿಗೆ ಬಂದರು. ಗಂಡುಮಕ್ಕಳು ಮದುವೆಗೆ ಬಂದ ಹಾಗೆ ಇಸ್ತ್ರಿ ಬಟ್ಟೆಯಲ್ಲಿದ್ದರು. ಕಿರಿಯವನ ಕೈಯಲ್ಲಿ ವಾಟ್ನಿ ಪತ್ರದ ಆರು ಜೆರಾಕ್ಸ್. ಮಗಳು ಒಬ್ಬರೇ ಮಾನ್ವಿ ಬಸ್ಸಿನಲ್ಲಿ ಬಂದು ಸ್ಟುಡಿಯೋ ಗಾಜಿನ ಈಚೆ, ನನ್ನ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತರು. ಮುಖ್ಯಸ್ಥರು ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಸಹಿ ಬಿದ್ದರೆ ಬೆಳಿಗ್ಗೆ ಹಾಡು, ಇಲ್ಲದಿದ್ದರೆ ಎರೆಹುಳ.

ಮೊದಲು ಅಣ್ಣ. ಸ್ಟುಡಿಯೋದೊಳಗೆ ಮೈಕಿನ ಮುಂದೆ ಕೂತು, ಹೆಡ್‌ಫೋನನ್ನು ಪೇಟದ ಹಾಗೆ ಎರಡೂ ಕೈಯಿಂದ ಇಟ್ಟುಕೊಂಡು, ಕಣ್ಣು ಮುಚ್ಚಿದರು. ಗೋಡೆಯ ಹಾಡು. ದನಿ ಅಪ್ಪನದೇ, ಸ್ವಲ್ಪ ಒರಟು. ಮೊದಲ ನುಡಿ ಚೆನ್ನಾಗಿ ಬಂತು. ಎರಡನೆಯದಕ್ಕೆ ಸ್ವಲ್ಪ ತಡವರಿಸಿದರು. ಮುದುಕರ ಹಾಡುಗಳಲ್ಲಿ ಒಂದು ತೊಡಕಿದೆ. ಅರ್ಧಕ್ಕರ್ಧ ಹಾಡಿಗೆ ಒಂದೇ ಧಾಟಿ. ಮೂರನೆಯ ನುಡಿಯಲ್ಲಿ ಗೋಡೆಯ ಬಿರುಕಿನಿಂದ ಒಂದು ಗಿಳಿ ಬಂತು. ಆಮೇಲೆ ಪಂಜರ ಬಂತು. ಬೆಕ್ಕೂ ಬಂತು. ಅಣ್ಣ ಕಣ್ಣು ಮುಚ್ಚಿಕೊಂಡೇ ನೆಮ್ಮದಿಯಿಂದ ಮುಂದೆ ಹೋಗುತ್ತಿದ್ದರು.

ನಡುವಿನವನು ಎದ್ದು ಸ್ಟುಡಿಯೋ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ.

"ಅಣ್ಣಾ, ಬದು ದಾಟಿದಿ! ಗಿಳಿ ನಂದು!"

ಅಣ್ಣ ಕಣ್ಣು ಬಿಟ್ಟರು. "ಬದು ಎಲ್ಲದಲೇ ಇಲ್ಲಿ? ನನಗ ಕಾಣವಲ್ದು."

"ಕಾಣವಲ್ದಂದ್ರ? ಚಕ್ಕುಬಂದಿ ಬರಸಿದಾಂವ ನೀನ!"

ಕಿರಿಯವನೂ ಒಳಗೆ ಹೋಗಿ ಇಬ್ಬರಿಗೂ ಒಂದೊಂದು ಜೆರಾಕ್ಸ್ ಕೊಟ್ಟ. "ಪಶ್ಚಿಮಕ್ಕೆ ಗಿಳಿ. ಓದ್ರಿ, ಸಾಫ್ ಬರದದ. ಗ್ವಾಡಿ ಮುಗದ ಕೂಡ್ಲೆ ಅಣ್ಣ ನಿಂದ್ರಬೇಕಿತ್ತು."

"ಗ್ವಾಡಿ ಎಲ್ಲಿಗೆ ಮುಗೀತದಂತ ನಿನಗರ ಗೊತ್ತದಾ?"

ಅವನಿಗೆ ಗೊತ್ತಿರಲಿಲ್ಲ. ನಡುವಿನವನಿಗೂ. ಮೂವರೂ ಮೈಕಿನ ಸುತ್ತ ಪತ್ರ ಹಿಡಿದು ನಿಂತು, ಹಾಡು ಎಲ್ಲಿ ಮುಗಿಯುತ್ತದೆಂದು ಕಾಗದದಲ್ಲಿ ಹುಡುಕಿದರು.

"ಸರ್ವೇದವರನ್ನ ಕರಸೂಣು" ಅಂದ ಕಿರಿಯವನು.

ನನ್ನ ಪಕ್ಕದಲ್ಲಿ ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಮುಖ್ಯಸ್ಥರು ನೀರು ತಂದರು. ಸೆರಗು ತೆಗೆದಾಗ ಆಕೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಎದ್ದು ಒಳಗೆ ಹೋದರು.

"ಸರಿ ಅಣ್ಣಾ. ಸರ್ವೇದವರು ಯಾಕ, ನಾ ಇಲ್ಲೇನು?"

ಅಣ್ಣ ಕುರ್ಚಿ ಬಿಟ್ಟರು. ಆಕೆ ಕೂರಲಿಲ್ಲ. ನಿಂತೇ, ಗೋಡೆಯ ಹಾಡನ್ನು ಮೊದಲಿಂದ ಹಿಡಿದರು. ಮೂರನೆಯ ನುಡಿ, ನಾಲ್ಕನೆಯದು, ಕೊನೆಗೆ ಗುರುವಿನ ಅಂಕಿತ. ಅಲ್ಲಿ ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ ಗಿಳಿಗೆ ಹೋದರು, ಗಿಳಿಯಿಂದ ಬಾವಿಗೆ. ಪಲ್ಲವಿ ಬಂದಾಗ ಯಾರೂ ಹೇಳದೆ ಮೂವರೂ ದನಿಗೂಡಿಸಿದರು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಕೂತು ಪಲ್ಲವಿ ಹೇಳುತ್ತಿದ್ದವರು ಅವರೇ. ಅಷ್ಟು ಮಾತ್ರ ಯಾರೂ ಮರೆತಿರಲಿಲ್ಲ. ನಾನು ಧ್ವನಿಮುದ್ರಣದ ಗುಂಡಿ ಯಾವಾಗಲೋ ಒತ್ತಿದ್ದೆ. ಆರಿಸಲಿಲ್ಲ.

ಮುಗಿದ ಮೇಲೆ ಯಾರೂ ವಾಟ್ನಿ ಪತ್ರದ ಮಾತೆತ್ತಲಿಲ್ಲ. ನಾನು ನಮ್ಮ ಒಪ್ಪಿಗೆ ಪತ್ರ ಮುಂದಿಟ್ಟೆ. 'ವಾರಸುದಾರರ ಪಾಲು' ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. ಅಣ್ಣ ತಂಗಿಯ ಕಡೆ ನೋಡಿದರು.

"ಕೂಡಿ ಅಂತ ಬರೀರಿ" ಅಂದರು ಆಕೆ. ಹಾಗೇ ಬರೆದೆ. ಆಕೆ ಮೊದಲು ಸಹಿ ಹಾಕಿದರು, ನಂತರ ಮೂವರು. ಮರುದಿನ ಬೆಳಿಗ್ಗೆ ಆರೂ ನಲವತ್ತಕ್ಕೆ ಮುದುಕರು ಹಾಡಿದರು.

ಆದರೆ ಸಹಿ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಇನ್ನೊಂದು ಮಾತು ನಡೆಯಿತು. ನಮ್ಮ ಮುಖ್ಯಸ್ಥರು ಯಾವತ್ತೂ ಯಾರ ಹಾಡನ್ನೂ ತಾವಾಗಿ ಪ್ರಸಾರಕ್ಕೆ ಕೇಳಿದವರಲ್ಲ. ಅವತ್ತು ಗಂಟಲು ಸರಿಮಾಡಿಕೊಂಡು, "ಈಗ ನೀವು ನಾಲ್ವರು ಹಾಡಿದ್ದೂ ಮುದ್ರಣವಾಗಿದೆ. ನಿಮ್ಮ ಒಪ್ಪಿಗೆ ಇದ್ದರೆ ಅದನ್ನೂ ಮೊದಲಿಂದ ಕೊನೆಯವರೆಗೆ ಪ್ರಸಾರ ಮಾಡೋಣ" ಎಂದರು.

ಅಣ್ಣ ಬೇಡವೆಂದು ಕೈಯಾಡಿಸಿದರು.

"ಅದು ಬ್ಯಾಡ್ರಿ ಸಾಹೇಬ್ರ. ಅದರಾಗ ನನ್ನ ಒತ್ತುವರಿ ಅದ."

ಸ್ಟುಡಿಯೋ ತುಂಬ ನಗು. ಮುಖ್ಯಸ್ಥರೂ ನಕ್ಕರು. ತಂಗಿ ಮಾತ್ರ ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆ ಎತ್ತದೆ ಕೇಳಿದರು.

"ಅದೊಂದರಾಗೇನು, ಅಣ್ಣಾ?"